ಅಸಲಿ ಎಕ್ಸ್‌ಟೆನ್ಶನ್ನೇ ಕದ್ದರೆ? ಬ್ರೌಸರ್‌ನಲ್ಲಿಟ್ಟ ಕ್ರಿಪ್ಟೊ ಎಷ್ಟು ಸುರಕ್ಷಿತ

2025ರ ಡಿಸೆಂಬರ್ 24. ಕಂಪನಿಗಳೆಲ್ಲ ಕ್ರಿಸ್‌ಮಸ್ ರಜೆಯ ಗುಂಗಿನಲ್ಲಿದ್ದಾಗ ಟ್ರಸ್ಟ್ ವಾಲೆಟ್ ಎಂಬ ಕ್ರಿಪ್ಟೊ ವಾಲೆಟ್‌ನ (ಡಿಜಿಟಲ್ ನಾಣ್ಯಗಳ ಕೀಲಿ ಇಡುವ ಸಾಫ್ಟ್‌ವೇರ್) ಕ್ರೋಮ್ ಎಕ್ಸ್‌ಟೆನ್ಶನ್‌ಗೆ, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಸಾಧನಕ್ಕೆ, 2.68 ಎಂಬ ಹೊಸ ಆವೃತ್ತಿ ಬಂತು. ಸುಮಾರು 10 ಲಕ್ಷ ಜನ ಬಳಸುವ ಎಕ್ಸ್‌ಟೆನ್ಶನ್ ಅದು. ಬಂದದ್ದು ಗೂಗಲ್‌ನ ಕ್ರೋಮ್ ವೆಬ್ ಸ್ಟೋರ್‌ನಿಂದಲೇ, ಕಂಪನಿಯ ಹೆಸರಿನಲ್ಲೇ. ಬಳಕೆದಾರರು ಏನನ್ನೂ ಒತ್ತಬೇಕಾಗಿರಲಿಲ್ಲ, ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡಿತು. ಆಮೇಲೆ ಯಾರು ಪಾಸ್‌ವರ್ಡ್ ಹಾಕಿ ವಾಲೆಟ್ ತೆರೆದರೋ ಅವರ ಸೀಡ್ ಫ್ರೇಸ್, ಅಂದರೆ ವಾಲೆಟ್‌ನ ಮೂಲ ಕೀಲಿಯಾದ ಪದಗಳ ಸಾಲು, ಸದ್ದಿಲ್ಲದೆ ಕಳ್ಳರ ಸರ್ವರ್‌ಗೆ ಹೋಯಿತು. ಮರುದಿನ ಕಂಪನಿ 2.69 ಆವೃತ್ತಿ ಬಿಡುವಷ್ಟರಲ್ಲಿ ನೂರಾರು ವಾಲೆಟ್‌ಗಳು ಬರಿದಾಗುತ್ತಿದ್ದವು. ಕೊನೆಗೆ ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 2,500 ವಾಲೆಟ್‌ಗಳಿಂದ 85 ಲಕ್ಷ ಡಾಲರ್‌ನಷ್ಟು ಹಣ ಹೋಗಿತ್ತು.

ಕಳ್ಳರು ಒಳಗೆ ಬಂದದ್ದು ಹೇಗೆ? ಅದಕ್ಕೂ ಒಂದು ತಿಂಗಳ ಹಿಂದೆ, ನವೆಂಬರ್‌ನಲ್ಲಿ, ಡೆವಲಪರ್‌ಗಳು ಬಳಸುವ ಎನ್‌ಪಿಎಂ ಪ್ಯಾಕೇಜ್‌ಗಳಲ್ಲಿ (ಸಿದ್ಧ ಕೋಡ್‌ನ ಕಟ್ಟುಗಳು) 'ಶಾಯ್-ಹುಲುದ್' ಎಂಬ ಹುಳು, ಅಂದರೆ ತಾನಾಗಿ ಹಬ್ಬುವ ಕಳ್ಳ ಸಾಫ್ಟ್‌ವೇರ್, ಹರಡಿತ್ತು. ಡೆವಲಪರ್‌ಗಳ ಕಂಪ್ಯೂಟರ್‌ಗಳಿಂದ ಗುಟ್ಟಿನ ಕೀಗಳನ್ನು ಹೆಕ್ಕಿ ಹೊರಗೆ ಚೆಲ್ಲುವುದು ಅದರ ಕೆಲಸ. ಹಾಗೆ ಸೋರಿದ್ದರಲ್ಲಿ ಟ್ರಸ್ಟ್ ವಾಲೆಟ್‌ನ ಕ್ರೋಮ್ ಸ್ಟೋರ್ ಕೀ ಕೂಡ ಇತ್ತು ಎನ್ನುವುದು ಕಂಪನಿಯ ವಿವರಣೆ. ಆ ಒಂದು ಕೀ ಇದ್ದರೆ ಸಾಕು, ಕಂಪನಿಯ ಒಳಗಿನ ಯಾವ ಪರೀಕ್ಷೆಗೂ ಸಿಗದೆ ನೇರವಾಗಿ ಸ್ಟೋರ್‌ಗೆ ಹೊಸ ಆವೃತ್ತಿ ಏರಿಸಬಹುದು.

ಈಗ ನಾವು ಎಲ್ಲೆಡೆ ಕೇಳುವ ಸಲಹೆಗಳನ್ನು ನೆನಪಿಸಿಕೊಳ್ಳಿ. ಅಧಿಕೃತ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಹೆಸರಿರುವ ಕಂಪನಿಯದ್ದೇ ಇರಲಿ. ರಿವ್ಯೂ ನೋಡಿ. ಅಪ್‌ಡೇಟ್ ಮಾಡ್ತಾ ಇರಿ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಆ ದಿನ ಹಣ ಕಳೆದುಕೊಂಡವರು ಇದರಲ್ಲಿ ಒಂದನ್ನೂ ಮುರಿದಿರಲಿಲ್ಲ. ಅಪ್‌ಡೇಟ್ ಆಗಿದ್ದೇ ಅವರಿಗೆ ಮುಳುವಾಯಿತು. ಟ್ರಸ್ಟ್ ವಾಲೆಟ್ ನಷ್ಟ ತುಂಬಿಕೊಡುತ್ತೇನೆ ಎಂದಿತು, ಒಳ್ಳೆಯದೇ. ಆದರೆ ತೊಂದರೆಯಾದ ವಾಲೆಟ್‌ಗಳಿಗಿಂತ ಎಷ್ಟೋ ಜಾಸ್ತಿ ಅರ್ಜಿಗಳು ಬಂದು, ಯಾರು ಅಸಲಿ ಯಾರು ನಕಲಿ ಎಂದು ಜರಡಿ ಹಿಡಿಯಬೇಕಾಯಿತು. ಹೀಗೆ ತುಂಬಿಕೊಡುವವರು ಸಿಗುವುದೂ ಅಪರೂಪ.

ಹಾಗಾಗಿ ನನ್ನ ವಾದ ಇಷ್ಟು: ಯಾವ ಎಕ್ಸ್‌ಟೆನ್ಶನ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಗುರುತಿಸುವ ಆಟದಲ್ಲಿ ಸಾಮಾನ್ಯ ಬಳಕೆದಾರ ಗೆಲ್ಲುವುದು ಕಷ್ಟ. ಇಂದು ಒಳ್ಳೆಯದಿದ್ದದ್ದು ನಾಳೆ ಬೆಳಿಗ್ಗೆ ಕೆಟ್ಟದ್ದಾಗಬಹುದು. ದಿನವಿಡೀ ಸುತ್ತಾಡುವ ಬ್ರೌಸರ್‌ನಲ್ಲಿ ದೊಡ್ಡ ಹಣದ ಕೀಲಿಯನ್ನು ಇಡದೇ ಇರುವುದೊಂದೇ ನಂಬಬಹುದಾದ ದಾರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಒಂದು ಅನುಮತಿ, ಎಲ್ಲಾ ಪುಟಗಳು

ಎಕ್ಸ್‌ಟೆನ್ಶನ್ ಹಾಕಿಕೊಳ್ಳುವಾಗ ಕ್ರೋಮ್ ಒಂದು ಚಿಕ್ಕ ಕಿಟಕಿ ತೋರಿಸುತ್ತದೆ. ಎಲ್ಲಾ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಎಲ್ಲಾ ಮಾಹಿತಿಯನ್ನು ಇದು ಓದಬಲ್ಲದು, ಬದಲಿಸಬಲ್ಲದು ಎಂಬ ಸಾಲು ಅದರಲ್ಲಿರುತ್ತದೆ. ನಾವು ಓದದೆ ಸರಿ ಎಂದು ಒತ್ತುತ್ತೇವೆ. ಕೂಪನ್ ಹುಡುಕುವ ಎಕ್ಸ್‌ಟೆನ್ಶನ್‌ಗೂ ಅದೇ ಅನುಮತಿ, ಪುಟವನ್ನು ಕಪ್ಪು ಬಣ್ಣಕ್ಕೆ ತಿರುಗಿಸುವುದಕ್ಕೂ ಅದೇ. ಕನ್ನಡ ಟೈಪಿಂಗ್‌ಗೆ ಹಾಕಿಕೊಳ್ಳುವ ಎಕ್ಸ್‌ಟೆನ್ಶನ್‌ಗಳೂ ಇದನ್ನೇ ಕೇಳುತ್ತವೆ. ನೀವು ಯಾವ ಪುಟದಲ್ಲಿ ಟೈಪ್ ಮಾಡಿದರೂ ಅದು ಅಲ್ಲಿ ಕೆಲಸ ಮಾಡಬೇಕಲ್ವಾ? ಅನುಮತಿ ಕೇಳಿದ ಮಾತ್ರಕ್ಕೆ ಕಳ್ಳತನದ್ದು ಎನ್ನಲಾಗದು. ತೊಂದರೆಯೂ ಅಲ್ಲೇ ಇದೆ: ಒಳ್ಳೆಯದೂ ಕೆಟ್ಟದ್ದೂ ಒಂದೇ ಅನುಮತಿ ಕೇಳುತ್ತವೆ.

ವಿಳಾಸದ ಪಟ್ಟಿಯಲ್ಲಿ ಕಾಣುವ ಸುರಕ್ಷತೆಯ ಗುರುತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಕಾಯುವುದು ವೆಬ್‌ಸೈಟ್‌ನಿಂದ ನಿಮ್ಮ ಬ್ರೌಸರ್‌ವರೆಗಿನ ದಾರಿಯನ್ನು. ಎಕ್ಸ್‌ಟೆನ್ಶನ್ ಕೂತಿರುವುದು ಬ್ರೌಸರ್‌ನ ಒಳಗೆ, ಎಲ್ಲವೂ ಬಿಚ್ಚಿಕೊಂಡ ಮೇಲೆ. ಬೀಗ ಎಷ್ಟೇ ಗಟ್ಟಿ ಇರಲಿ, ಬೀಗ ತೆಗೆದು ಬೀರು ತೆರೆಯುವಾಗ ಪಕ್ಕದಲ್ಲೇ ಒಬ್ಬ ನಿಂತಿದ್ದರೆ ಬೀಗ ಏನು ಮಾಡೀತು?

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಬರಹಗಳಲ್ಲಿ ಇದು ತಪ್ಪಿಹೋಗುತ್ತದೆ. ಒಂದು ಎಕ್ಸ್‌ಟೆನ್ಶನ್ ಇನ್ನೊಂದರ ಒಳಗೆ ಸುಮ್ನೆ ಕೈಹಾಕಲಾರದು. ಬ್ರೌಸರ್ ಅವುಗಳ ನಡುವೆ ಗೋಡೆ ಕಟ್ಟಿರುತ್ತದೆ. ನಿಮ್ಮ ಕೂಪನ್ ಎಕ್ಸ್‌ಟೆನ್ಶನ್ ಮೆಟಾಮಾಸ್ಕ್ ಎಂಬ ವಾಲೆಟ್ ಒಳಗಿರುವ ಕೀಲಿಯನ್ನು ನೇರವಾಗಿ ಓದಲಾರದು. ಆದರೆ ವೆಬ್ ಪುಟ ಅದರ ಕೈಯಲ್ಲಿದೆ. ಹಣ ಕಳಿಸಬೇಕಾದ ವಿಳಾಸವನ್ನು ಪುಟದಲ್ಲೇ ಬದಲಿಸಬಹುದು. ಮೆಟಾಮಾಸ್ಕ್‌ನಂತೆಯೇ ಕಾಣುವ ಸುಳ್ಳು ಕಿಟಕಿ ತೋರಿಸಿ 'ವಾಲೆಟ್ ಲಾಕ್ ಆಗಿದೆ, 12 ಪದ ಹಾಕಿ' ಎನ್ನಬಹುದು. ಕ್ರಿಪ್ಟೊ ಕೊಂಡು ಮಾರುವ ತಾಣವಾದ ಎಕ್ಸ್‌ಚೇಂಜ್‌ಗೆ ಲಾಗಿನ್ ಆದ ಗುರುತನ್ನು ಹೊತ್ತೊಯ್ಯಬಹುದು. ಕಂಪ್ಯೂಟರ್‌ಗೆ ಬಂದು ಸೇರುವ ಇನ್ಫೋಸ್ಟೀಲರ್ ಎಂಬ ಕಳ್ಳ ಸಾಫ್ಟ್‌ವೇರ್‌ಗಳದ್ದು ಬೇರೆ ಕಥೆ. ಅವಕ್ಕೆ ಬ್ರೌಸರ್ ಕಟ್ಟಿದ ಗೋಡೆ ಲೆಕ್ಕಕ್ಕಿಲ್ಲ. ವಾಲೆಟ್‌ನ ಮಾಹಿತಿ ಇರುವ ಫೋಲ್ಡರನ್ನೇ ನಕಲು ಮಾಡಿಕೊಂಡು ಹೋಗಿ, ಪಾಸ್‌ವರ್ಡ್ ಸಿಗುವವರೆಗೂ ತಮ್ಮ ಯಂತ್ರದಲ್ಲಿ ಊಹಿಸುತ್ತಾ ಕೂರುತ್ತವೆ. 2025ರ ಮೇನಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ 'ಲುಮ್ಮಾ' ಎಂಬ ಇಂಥದ್ದೊಂದರ ಜಾಲ ಒಡೆದಾಗ, ಎರಡು ತಿಂಗಳಲ್ಲೇ 3,94,000 ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಸಿಕ್ಕಿತ್ತು.

ಸೀಡ್ ಫ್ರೇಸ್ ಅಂದರೆ 2,048 ಇಂಗ್ಲಿಷ್ ಪದಗಳ ಒಂದು ನಿಗದಿತ ಪಟ್ಟಿಯಿಂದ ಆರಿಸಿದ 12 ಅಥವಾ 24 ಪದಗಳ ಸಾಲು. ಆ ಸಾಲು ಯಾರ ಕೈಯಲ್ಲಿದೆಯೋ ಹಣ ಅವರದ್ದು. ಒಟಿಪಿ ಇಲ್ಲ, ಬ್ಯಾಂಕ್ ಮ್ಯಾನೇಜರ್ ಇಲ್ಲ, 'ಸ್ವಲ್ಪ ತಡೀರಿ, ಈ ವ್ಯವಹಾರ ಅನುಮಾನ ಬರಿಸುತ್ತಿದೆ' ಎನ್ನುವವರಿಲ್ಲ.

ಒಳ್ಳೆಯದು ಕೆಡುವ ದಾರಿಗಳು

ಟ್ರಸ್ಟ್ ವಾಲೆಟ್ ಪ್ರಕರಣ ಮೊದಲನೆಯದಲ್ಲ. 2018ರ ಸೆಪ್ಟೆಂಬರ್‌ನಲ್ಲೇ ಮೆಗಾ ಎಂಬ ಫೈಲ್ ಸಂಗ್ರಹ ಕಂಪನಿಯ ಕ್ರೋಮ್ ಎಕ್ಸ್‌ಟೆನ್ಶನ್‌ಗೆ ಕಳ್ಳ ಆವೃತ್ತಿ ಏರಿತ್ತು. ಅದಕ್ಕೂ ಕ್ರಿಪ್ಟೊಗೂ ಸಂಬಂಧವೇ ಇಲ್ಲ. ಆದರೂ ಒಳಗೆ ಬಂದ ಕಳ್ಳರು ಹುಡುಕಿದ್ದು ಮೈಈಥರ್‌ವಾಲೆಟ್, ಮೈಮೊನೆರೊ ಎಂಬ ಕ್ರಿಪ್ಟೊ ತಾಣಗಳ ಪ್ರೈವೇಟ್ ಕೀಗಳನ್ನು, ಅಂದರೆ ಹಣದ ಗುಟ್ಟಿನ ಕೀಲಿಗಳನ್ನು. 2024ರ ಕ್ರಿಸ್‌ಮಸ್‌ಗೆ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸರದಿ. 'ನಿಮ್ಮ ಎಕ್ಸ್‌ಟೆನ್ಶನ್ ಸ್ಟೋರ್‌ನ ನಿಯಮ ಮುರಿದಿದೆ, ತೆಗೆದುಹಾಕುತ್ತೇವೆ' ಎಂದು ಗೂಗಲ್ ಹೆಸರಲ್ಲಿ ಅಲ್ಲಿನ ನೌಕರರೊಬ್ಬರಿಗೆ ಮೇಲ್ ಬಂತು. ಅದರಲ್ಲಿದ್ದ ಲಿಂಕ್ ತೆರೆದದ್ದು ಗೂಗಲ್‌ನ ಅಸಲಿ ಅನುಮತಿ ಪುಟವನ್ನೇ. ಕಳ್ಳರ ಆ್ಯಪ್‌ಗೆ ಆ ನೌಕರ ಅಲ್ಲಿ ಒಪ್ಪಿಗೆ ಕೊಟ್ಟರು. ಎರಡು ಹಂತದ ಭದ್ರತೆ ಇದ್ದೂ ಉಪಯೋಗವಾಗಲಿಲ್ಲ. ಸುಮಾರು 4 ಲಕ್ಷ ಬಳಕೆದಾರರಿಗೆ ಕೆಟ್ಟ ಆವೃತ್ತಿ ತಲುಪಿತು. ಅದೇ ಗುಂಪು 30ಕ್ಕೂ ಹೆಚ್ಚು ಎಕ್ಸ್‌ಟೆನ್ಶನ್‌ಗಳನ್ನು ಹೀಗೆ ಹಿಡಿದಿತ್ತು ಎಂದು ಆಮೇಲೆ ಗೊತ್ತಾಯಿತು. ಭದ್ರತೆಯೇ ಕಸುಬಾಗಿರುವ ಕಂಪನಿಯ ಪಾಡು ಇದಾದರೆ, ಬಿಡುವಿನ ವೇಳೆಯಲ್ಲಿ ಒಬ್ಬರೇ ಕೂತು ಎಕ್ಸ್‌ಟೆನ್ಶನ್ ನಡೆಸುವ ಡೆವಲಪರ್ ಗತಿ ಏನು?

ಇನ್ನೊಂದು ದಾರಿಗೆ ಹ್ಯಾಕ್ ಕೂಡ ಬೇಕಿಲ್ಲ, ದುಡ್ಡು ಕೊಟ್ಟು ಕೊಂಡರಾಯಿತು. 'ದಿ ಗ್ರೇಟ್ ಸಸ್ಪೆಂಡರ್' ಎಂಬುದು ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರ್‌ಗೆ ಉಸಿರಾಡಲು ಬಿಡುವ ಎಕ್ಸ್‌ಟೆನ್ಶನ್. 20 ಲಕ್ಷ ಜನ ಮೆಚ್ಚಿ ಬಳಸುತ್ತಿದ್ದರು. ಮೂಲ ಡೆವಲಪರ್ 2020ರಲ್ಲಿ ಅದನ್ನು ಬೇರೆಯವರಿಗೆ ವಹಿಸಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಸಾರಿ ಎಲ್ಲರ ಬ್ರೌಸರ್‌ನಲ್ಲೂ ನಿಲ್ಲಿಸಿತು. ಮಾಲೀಕತ್ವ ಬದಲಾದಾಗ ಬಳಕೆದಾರರಿಗೆ ಒಂದು ಮಾತೂ ಹೇಳಬೇಕಾಗಿರಲಿಲ್ಲ.

ಹುಟ್ಟಿನಿಂದಲೇ ನಕಲಿಯಾದವೂ ಬೇಕಾದಷ್ಟಿವೆ. ಮೆಟಾಮಾಸ್ಕ್, ಲೆಡ್ಜರ್, ಟ್ರೆಜರ್ ಮುಂತಾದ ವಾಲೆಟ್‌ಗಳ ಹೆಸರಿನಲ್ಲಿದ್ದ 49 ಎಕ್ಸ್‌ಟೆನ್ಶನ್‌ಗಳನ್ನು ಗೂಗಲ್ 2020ರ ಏಪ್ರಿಲ್‌ನಲ್ಲಿ ತೆಗೆದುಹಾಕಿತ್ತು. ಈಗಿನವರು ಅದಕ್ಕಿಂತ ಚಾಲಾಕಿಗಳು. 2025ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂದ 'ಗ್ರೀಡಿಬೇರ್' ಗುಂಪು ಫೈರ್‌ಫಾಕ್ಸ್‌ನಲ್ಲಿ ಸುಮಾರು 150 ಎಕ್ಸ್‌ಟೆನ್ಶನ್‌ಗಳನ್ನು ಬಿಟ್ಟಿತ್ತು. ಮೊದಲು ಏನೂ ಹಾನಿಯಿಲ್ಲದ ಚಿಕ್ಕಪುಟ್ಟ ಸಾಧನವಾಗಿ ಏರಿಸುವುದು, ಒಳ್ಳೆ ರಿವ್ಯೂ ತುಂಬಿಸುವುದು, ಆಮೇಲೆ ಹೆಸರು, ಚಿತ್ರ, ಕೋಡ್ ಎಲ್ಲ ಬದಲಿಸಿ ವಾಲೆಟ್ ವೇಷ ಹಾಕಿಸುವುದು. ಐದು ಸ್ಟಾರ್‌ಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಅದೇ ವರ್ಷ ನವೆಂಬರ್‌ನಲ್ಲಿ ಸಿಕ್ಕಿಬಿದ್ದ 'ಸೇಫರಿ' ಎಂಬ ಈಥರಿಯಂ ವಾಲೆಟ್‌ನ ಕೈಚಳಕವನ್ನಂತೂ ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಕಳ್ಳ ಎಕ್ಸ್‌ಟೆನ್ಶನ್ ಕದ್ದದ್ದನ್ನು ಯಾವುದೋ ಸರ್ವರ್‌ಗೆ ಕಳಿಸುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಇದು ಕಳ್ಳರ ಯಾವ ಸರ್ವರ್‌ಗೂ ಏನೂ ಕಳಿಸಲಿಲ್ಲ. ನೀವು ಹಾಕಿದ ಸೀಡ್ ಪದಗಳನ್ನು ಸಂಖ್ಯೆಗಳಾಗಿ ಮಾಡಿ, ಆ ಸಂಖ್ಯೆಗಳಿಂದ ಸುಯಿ ಎಂಬ ಬೇರೊಂದು ಬ್ಲಾಕ್‌ಚೈನ್‌ನ (ಕ್ರಿಪ್ಟೊ ವ್ಯವಹಾರಗಳ ಸಾರ್ವಜನಿಕ ಲೆಕ್ಕಪುಸ್ತಕ) ವಿಳಾಸಗಳನ್ನು ಹೆಣೆದು, ಆ ವಿಳಾಸಗಳಿಗೆ 0.000001 ಸುಯಿ ನಾಣ್ಯ ಕಳಿಸುತ್ತಿತ್ತು. ಹೊರಗಿನಿಂದ ನೋಡಿದರೆ ಲೆಕ್ಕಕ್ಕೇ ಬಾರದ ಚಿಲ್ಲರೆ ವ್ಯವಹಾರ. ಕಳ್ಳ ಎಲ್ಲೋ ಕೂತು ಎಲ್ಲರಿಗೂ ತೆರೆದಿರುವ ಬ್ಲಾಕ್‌ಚೈನ್ ನೋಡುತ್ತಾನೆ, ಹಣ ಹೋದ ವಿಳಾಸಗಳನ್ನು ಬಿಡಿಸಿ 12 ಪದ ಓದಿಕೊಳ್ಳುತ್ತಾನೆ. ಇದನ್ನು ಸ್ಟೋರ್‌ನ ತಪಾಸಣೆ ಹಿಡಿಯಲಿಲ್ಲ. ಹೊರಗಿನ ಭದ್ರತಾ ಸಂಶೋಧಕರು ಹಿಡಿದರು.

ಹಣ ತೆಗೆಯದೆಯೇ ಖಾತೆ ಖಾಲಿ

'ನನ್ನದೆಲ್ಲ ಎಕ್ಸ್‌ಚೇಂಜ್‌ನಲ್ಲಿದೆ, ಸೀಡ್ ಫ್ರೇಸ್ ತಾಪತ್ರಯವೇ ನನಗಿಲ್ಲ, ಹಣ ತೆಗೆಯಲು ಒಟಿಪಿ ಬೇಕು' ಎನ್ನುವವರು ನಮ್ಮಲ್ಲಿ ಬಹಳ ಜನ. ಅವರು 2024ರ ಮೇ ತಿಂಗಳ ಒಂದು ಪ್ರಕರಣವನ್ನು ತಿಳಿದಿರಬೇಕು.

ಚೀನಾದ ಒಬ್ಬ ವ್ಯಾಪಾರಿ 'ಆಗ್ರ್' ಎಂಬ ಕ್ರೋಮ್ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದರು. ಮಾರುಕಟ್ಟೆಯ ವಹಿವಾಟು ತೋರಿಸುವ, ಹೆಸರು ಮಾಡಿದ್ದ ಒಂದು ಸಾಧನದ ಹೆಸರನ್ನು ಅದು ಎರವಲು ಪಡೆದಿತ್ತು. ಅದು ಮಾಡಿದ್ದು ಕುಕಿಗಳನ್ನು ಕದಿಯುವ ಕೆಲಸ. ಒಮ್ಮೆ ಪಾಸ್‌ವರ್ಡ್, ಒಟಿಪಿ ಎಲ್ಲ ಕೊಟ್ಟು ಲಾಗಿನ್ ಆದ ಮೇಲೆ, ಪ್ರತಿ ಪುಟಕ್ಕೂ ಮತ್ತೆ ಕೇಳಬಾರದೆಂದು ವೆಬ್‌ಸೈಟ್ ಬ್ರೌಸರ್‌ಗೆ ಒಂದು ಗುರುತು ಕೊಟ್ಟಿರುತ್ತದೆ. ಅದೇ ಸೆಷನ್ ಕುಕಿ. ಅದನ್ನು ನಕಲು ಮಾಡಿ ಬೇರೆ ಕಂಪ್ಯೂಟರ್‌ನಲ್ಲಿ ಇಟ್ಟರೆ ಎಕ್ಸ್‌ಚೇಂಜ್‌ನ ಕಣ್ಣಿಗೆ ಅದೂ ನೀವೇ. ಪುಟದಲ್ಲಿರುವ ಸಾಮಾನ್ಯ ಕೋಡ್‌ಗೆ ಕಾಣದಂತೆ ಮುಚ್ಚಿಟ್ಟ ಕುಕಿಯೂ ಅನುಮತಿ ಪಡೆದ ಎಕ್ಸ್‌ಟೆನ್ಶನ್‌ಗೆ ಕಾಣುತ್ತದೆ.

ಕಳ್ಳರು ಹೀಗೆ ಬೈನಾನ್ಸ್ ಎಂಬ ಎಕ್ಸ್‌ಚೇಂಜ್‌ನಲ್ಲಿದ್ದ ಅವರ ಖಾತೆಗೆ ಹೊಕ್ಕರು. ಹಣ ಹೊರಗೆ ಕಳಿಸಲು ಒಟಿಪಿ ಬೇಕೇ ಬೇಕಿತ್ತು. ಅದರ ಗೋಜಿಗೇ ಅವರು ಹೋಗಲಿಲ್ಲ. ಕೊಳ್ಳುವವರು ಮಾರುವವರು ಕಡಿಮೆ ಇರುವ, ಬೆಲೆಯನ್ನು ಸುಲಭವಾಗಿ ಏರಿಸಬಹುದಾದ ಕೆಲವು ನಾಣ್ಯಗಳ ಜೋಡಿಗಳನ್ನು ಆರಿಸಿದರು. ಅಲ್ಲಿ ಮಾರುಕಟ್ಟೆ ಬೆಲೆಗಿಂತ ಜಾಸ್ತಿಗೆ ತಮ್ಮ ನಾಣ್ಯ ಮಾರಾಟಕ್ಕಿಟ್ಟರು. ಆಮೇಲೆ ಆ ವ್ಯಾಪಾರಿಯ ಖಾತೆಯಿಂದ, ಸಾಲದ ಬಲ ಸೇರಿಸಿ, ಅದೇ ನಾಣ್ಯಗಳನ್ನು ಆ ದುಬಾರಿ ಬೆಲೆಗೆ ಕೊಂಡರು. ದಾಖಲೆಯಲ್ಲಿ ನೋಡಿದರೆ ಎಲ್ಲವೂ ಕೊಡುಕೊಳ್ಳುವಿಕೆ. ವ್ಯಾಪಾರಿಯ ಹಣ ಕರಗಿತು, ಕಳ್ಳರ ಖಾತೆ ತುಂಬಿತು. ಸುಮಾರು 10 ಲಕ್ಷ ಡಾಲರ್. ಖಾತೆಯ ಮಾಲೀಕರಿಗೆ ಒಂದು ಒಟಿಪಿಯೂ ಬರಲಿಲ್ಲ.

ಕಣ್ಣಿಗೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದು

ಇನ್ನು ಪರದೆಯನ್ನೇ ಸುಳ್ಳಾಗಿಸುವ ವಿಧಾನ. 2025ರ ನವೆಂಬರ್‌ನಲ್ಲಿ ಸಿಕ್ಕ 'ಕ್ರಿಪ್ಟೊ ಕೋಪೈಲಟ್' ಎಂಬ, ಸೋಲಾನಾ ಬ್ಲಾಕ್‌ಚೈನ್‌ನ ಎಕ್ಸ್‌ಟೆನ್ಶನ್ ಪ್ರತಿ ವ್ಯವಹಾರದಲ್ಲೂ ಕನಿಷ್ಠ 0.0013 ಸೋಲ್ (ಸೋಲಾನಾದ ನಾಣ್ಯ) ಅಥವಾ ಮೊತ್ತದ ಶೇ 0.05ರಷ್ಟನ್ನು ಕಳ್ಳರ ವಿಳಾಸಕ್ಕೆ ಸೇರಿಸುತ್ತಿತ್ತು. ಪುಟದಲ್ಲಿ ಕಾಣುತ್ತಿದ್ದದ್ದು ನಾಣ್ಯ ಬದಲಾವಣೆ ಮಾತ್ರ. ಎರಡೂ ಒಂದೇ ಸಹಿಯಲ್ಲಿ, ಅಂದರೆ ವಾಲೆಟ್‌ನ ಕೀಲಿಯಿಂದ ಕೊಡುವ ಒಂದೇ ಒಪ್ಪಿಗೆಯಲ್ಲಿ, ಮುಗಿದುಹೋಗುತ್ತಿದ್ದವು. ಮೊತ್ತ ಇಷ್ಟು ಚಿಕ್ಕದಾದ್ದರಿಂದಲೇ ಯಾರೂ ಗಮನಿಸುತ್ತಿರಲಿಲ್ಲ.

ಇದೇ ತತ್ವವನ್ನು ದೊಡ್ಡದು ಮಾಡಿ ನೋಡಿದರೆ ಬೈಬಿಟ್ ಸಿಗುತ್ತದೆ. 2025ರ ಫೆಬ್ರವರಿ 21ರಂದು ಆ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ನಾಣ್ಯ ಹೋಯಿತು. ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಇಲ್ಲಿ ಎಕ್ಸ್‌ಟೆನ್ಶನ್ ಇರಲಿಲ್ಲ. ಸೇಫ್ ಎಂಬ ವಾಲೆಟ್ ಸೇವೆಯ ಡೆವಲಪರ್ ಒಬ್ಬರ ಕಂಪ್ಯೂಟರ್ ಹಿಡಿದು, ಅದರ ವೆಬ್ ಪುಟದ ಕೋಡನ್ನೇ ತಿದ್ದಿದ್ದರು. ಬೈಬಿಟ್‌ನ ಹಲವರು ಸಹಿ ಹಾಕಬೇಕಿತ್ತು, ಹಾಕಿದರು. ಬ್ರೌಸರ್ ಪರದೆಯಲ್ಲಿ ದಿನನಿತ್ಯದ ವರ್ಗಾವಣೆ ಕಂಡಿತು. ಸಹಿ ಬಿದ್ದದ್ದು ಮಾತ್ರ ವಾಲೆಟ್‌ನ ಹಿಡಿತವನ್ನೇ ಬಿಟ್ಟುಕೊಡುವ ಆದೇಶಕ್ಕೆ. ಅವರ ಬಳಿ ಹಾರ್ಡ್‌ವೇರ್ ವಾಲೆಟ್, ಅಂದರೆ ಕೀಲಿಯನ್ನು ಕಂಪ್ಯೂಟರ್‌ನಿಂದ ಹೊರಗೆ ಇಡುವ ಚಿಕ್ಕ ಸಾಧನ, ಇತ್ತು. ಆದರೆ ಅದರ ಚಿಕ್ಕ ಪರದೆಯಲ್ಲಿ ಅರ್ಥವಾಗುವ ವಿವರ ಬರಲಿಲ್ಲ, ಅರ್ಥವಾಗದ್ದಕ್ಕೇ ಸಹಿ ಹಾಕಿದರು. ಹಾರ್ಡ್‌ವೇರ್ ವಾಲೆಟ್ ಕೊಂಡುಬಿಟ್ಟರೆ ನೆಮ್ಮದಿ ಎಂದು ಮಾರುವವರು ಇದನ್ನು ಹೇಳುವುದಿಲ್ಲ.

ನಮ್ಮಲ್ಲಿ ವಝೀರ್‌ಎಕ್ಸ್ ಎಕ್ಸ್‌ಚೇಂಜ್‌ಗೆ 2024ರ ಜುಲೈ 18ರಂದು ಬಡಿದದ್ದೂ ಹಲವರ ಸಹಿ ಬೇಕಿದ್ದ ವಾಲೆಟ್‌ನಲ್ಲೇ. ಪರದೆಯಲ್ಲಿ ಕಂಡದ್ದಕ್ಕೂ ಸಹಿ ಬಿದ್ದದ್ದಕ್ಕೂ ಹೊಂದಿಕೆ ಇರಲಿಲ್ಲ ಎಂದು ಕಂಪನಿ ಆಗ ಹೇಳಿತ್ತು. ಸುಮಾರು 23 ಕೋಟಿ ಡಾಲರ್ ಹೋಯಿತು. ಅಲ್ಲಿ ಹಣ ಇಟ್ಟಿದ್ದ ಜನ ವಹಿವಾಟು ಮತ್ತೆ ಶುರುವಾಗುವುದನ್ನು ನೋಡಲು 2025ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಬೆಂಗಳೂರಿನ ಲ್ಯಾಪ್‌ಟಾಪ್‌ಗಳು

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜ್‌ನ ಒಂದು ಆಂತರಿಕ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್, ಅಂದರೆ 370 ಕೋಟಿ ರೂಪಾಯಿಗೂ ಜಾಸ್ತಿ, ಕಳುವಾಯಿತು. ಗ್ರಾಹಕರ ಹಣಕ್ಕೆ ಏನೂ ಆಗಿಲ್ಲ, ನಷ್ಟ ನಾವೇ ಭರಿಸುತ್ತೇವೆ ಎಂದು ಕಂಪನಿ ಹೇಳಿತು. ಬೆಂಗಳೂರು ಪೊಲೀಸರ ತನಿಖೆ ಬಂದು ನಿಂತದ್ದು ಕಂಪನಿಯ ಒಬ್ಬ ನೌಕರನ ಆಫೀಸ್ ಲ್ಯಾಪ್‌ಟಾಪ್ ಮೇಲೆ. ಹೊರಗಿನವರಿಗೆ ಪಾರ್ಟ್‌ಟೈಮ್ ಕೆಲಸ ಮಾಡಿಕೊಡುವ ನೆಪದಲ್ಲಿ ಆ ಲ್ಯಾಪ್‌ಟಾಪ್‌ಗೆ ಕಳ್ಳ ಸಾಫ್ಟ್‌ವೇರ್ ಬಂದು ಸೇರಿರಬಹುದು ಎಂಬ ದಿಕ್ಕಿನಲ್ಲಿ ತನಿಖೆ ಸಾಗಿತು.

ಅಲ್ಲಿ ಕೊನೆಗೆ ಏನು ಸಾಬೀತಾಗುತ್ತದೋ ಆಗಲಿ, ಈ ದಾರಿ ಮಾತ್ರ ನಮ್ಮೂರಿನ ಎಷ್ಟೋ ಸಾವಿರ ಎಂಜಿನಿಯರ್‌ಗಳಿಗೆ ನೇರವಾಗಿ ತಟ್ಟುವಂಥದ್ದು. 'ಈ ಪ್ರಾಜೆಕ್ಟ್ ಇಳಿಸಿಕೊಂಡು ಒಮ್ಮೆ ಓಡಿಸಿ ನೋಡಿ, ಇದೇ ಇಂಟರ್‌ವ್ಯೂ ಪರೀಕ್ಷೆ' ಎಂದು ಕೆಲಸದ ಆಸೆ ತೋರಿಸಿ ಡೆವಲಪರ್‌ಗಳ ಕಂಪ್ಯೂಟರ್ ಹಿಡಿಯುವುದು ಉತ್ತರ ಕೊರಿಯಾದ ಗುಂಪುಗಳ ಹಳೆಯ ವರಸೆ. ಕೋಡ್ ಬರೆಯುವ ಎಡಿಟರ್‌ಗಳಿಗೂ ಎಕ್ಸ್‌ಟೆನ್ಶನ್‌ಗಳಿವೆ, ಅವಕ್ಕೆ ಬ್ರೌಸರ್‌ನಲ್ಲಿರುವಷ್ಟು ಗೋಡೆಯೂ ಇಲ್ಲ. 2025ರ ಜುಲೈನಲ್ಲಿ ಕ್ಯಾಸ್ಪರ್‌ಸ್ಕಿ ಕಂಪನಿ ಬಯಲು ಮಾಡಿದ ಪ್ರಕರಣದಲ್ಲಿ ರಷ್ಯಾದ ಒಬ್ಬ ಬ್ಲಾಕ್‌ಚೈನ್ ಡೆವಲಪರ್, ಕರ್ಸರ್ ಎಡಿಟರ್‌ಗೆ ಸಾಲಿಡಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಕಲಿ ಎಕ್ಸ್‌ಟೆನ್ಶನ್ ಹಾಕಿಕೊಂಡು 5 ಲಕ್ಷ ಡಾಲರ್ ಕಳೆದುಕೊಂಡರು. ಹುಡುಕಿದಾಗ ಅಸಲಿಗಿಂತ ನಕಲಿಯೇ ಮೇಲೆ ಬಂದಿತ್ತು. ಕೆಲಸ ಮಾಡುವ ಕಂಪ್ಯೂಟರ್‌ನಲ್ಲೇ ಸ್ವಂತ ವಾಲೆಟ್ ಇಟ್ಟುಕೊಂಡವರು ಇದನ್ನು ಓದಿದ ಮೇಲಾದರೂ ಬೇರೆ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಏನು ಮಾಡಬೇಕು

ಮೊದಲ ಕೆಲಸ, ಹಣವನ್ನು ಎರಡಾಗಿ ನೋಡುವುದು. ದಿನ ಬಳಕೆಗೆ ಬೇಕಾದ, ಹೋದರೂ ತಡೆದುಕೊಳ್ಳಬಹುದಾದ ಮೊತ್ತ ಮಾತ್ರ ಬ್ರೌಸರ್ ವಾಲೆಟ್‌ನಲ್ಲಿರಲಿ. ನನ್ನ ಅಳತೆ ಒರಟು: ನಿಮ್ಮ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಇದ್ದರೆ ಅದು ಬ್ರೌಸರ್‌ನಲ್ಲಿ ಇರಬಾರದು. ಉಳಿದದ್ದು ಹಾರ್ಡ್‌ವೇರ್ ವಾಲೆಟ್‌ಗೆ ಹೋಗಲಿ. ಅದನ್ನು ತಯಾರಕರಿಂದಲೇ ಕೊಳ್ಳಿ. ಅದರ ಸೀಡ್ ಫ್ರೇಸನ್ನು ಯಾವ ಕಾರಣಕ್ಕೂ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಬೇಡಿ. ಬ್ರೌಸರ್ ವಾಲೆಟ್‌ನಲ್ಲಿ ಈಗಾಗಲೇ ಇರುವ ಸೀಡನ್ನೇ ಹಾರ್ಡ್‌ವೇರ್‌ಗೂ ಹಾಕುವವರಿದ್ದಾರೆ. ಹಾಗೆ ಮಾಡಿದರೆ ದುಡ್ಡು ಕೊಟ್ಟು ಕೊಂಡದ್ದೂ ವ್ಯರ್ಥ. ಸಹಿ ಹಾಕುವ ಮುಂಚೆ ವಿಳಾಸ ಮತ್ತು ಮೊತ್ತವನ್ನು ಆ ಚಿಕ್ಕ ಪರದೆಯಲ್ಲಿ ಓದಿ. ಅಲ್ಲಿ ಅರ್ಥವಾಗದ ಅಂಕಿ ಅಕ್ಷರಗಳಷ್ಟೇ ಬಂದರೆ ಬೇಡ ಎಂದು ಒತ್ತಿ.

ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸರಿ ಎನ್ನುವ ಅಭ್ಯಾಸ ಬಿಡಬೇಕು. ತುದಿಗಳು ಹೊಂದುವ ನಕಲಿ ವಿಳಾಸ ಸೃಷ್ಟಿಸಿ, ನಿಮ್ಮ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಅದು ಕಾಣುವಂತೆ ಮಾಡುತ್ತಾರೆ. 2024ರ ಮೇನಲ್ಲಿ ಒಬ್ಬರು ಹೀಗೆ ಪಟ್ಟಿಯಿಂದ ನಕಲು ಮಾಡಿ ಸುಮಾರು 6.8 ಕೋಟಿ ಡಾಲರ್ ಬೆಲೆಯ 1,155 ಬಿಟ್‌ಕಾಯಿನ್ ಟೋಕನ್‌ಗಳನ್ನು ಕಳ್ಳರಿಗೆ ಕಳಿಸಿದರು. ಕಳ್ಳ ಮಾತುಕತೆಯ ನಂತರ ಬಹುಪಾಲು ವಾಪಸ್ ಕೊಟ್ಟ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಬ್ರೌಸರ್‌ನಲ್ಲೇ ವ್ಯವಹಾರ ಮಾಡಬೇಕಾದವರು ಅದಕ್ಕೆಂದೇ ಬೇರೆ ಪ್ರೊಫೈಲ್ ಅಥವಾ ಬೇರೆ ಬ್ರೌಸರ್ ಇಟ್ಟುಕೊಳ್ಳಿ. ಕ್ರೋಮ್‌ನಲ್ಲಿ ಪ್ರತಿ ಪ್ರೊಫೈಲ್‌ಗೂ ಕುಕಿಗಳು ಬೇರೆ, ಎಕ್ಸ್‌ಟೆನ್ಶನ್‌ಗಳೂ ಬೇರೆ. ಆದರೆ ಹೊಸ ಪ್ರೊಫೈಲ್‌ನಲ್ಲಿ ಹಳೆಯ ಗೂಗಲ್ ಖಾತೆಯ ಸಿಂಕ್ ಹಾಕಿದರೆ ಹಳೆಯ ಎಕ್ಸ್‌ಟೆನ್ಶನ್‌ಗಳೆಲ್ಲ ಹಿಂದೆಯೇ ಬಂದು ಕೂರುತ್ತವೆ. ಹಾಗಾಗಿ ಸಿಂಕ್ ಬೇಡ. ಅಲ್ಲಿ ವಾಲೆಟ್ ಒಂದೇ ಇರಲಿ, ಕನ್ನಡ ಟೈಪಿಂಗ್ ಎಕ್ಸ್‌ಟೆನ್ಶನ್ ಕೂಡ ಬೇಡ. ಇನ್ಫೋಸ್ಟೀಲರ್‌ಗಳನ್ನು ಇದು ತಡೆಯುವುದಿಲ್ಲ, ಎಕ್ಸ್‌ಟೆನ್ಶನ್‌ಗಳನ್ನು ತಡೆಯುತ್ತದೆ.

ದಿನನಿತ್ಯದ ಬ್ರೌಸರ್‌ನಲ್ಲೂ ಹತ್ತು ನಿಮಿಷದ ಒಂದು ಕೆಲಸ ಮಾಡಿ. ಮೇಲೆ ಬಲಗಡೆ ಇರುವ ಜಿಗ್‌ಸಾ ತುಂಡಿನ ಚಿತ್ರ ಒತ್ತಿ, ಮ್ಯಾನೇಜ್ ಎಕ್ಸ್‌ಟೆನ್ಶನ್ಸ್ ತೆರೆಯಿರಿ. ಯಾಕೆ ಹಾಕಿಕೊಂಡೆ ಎಂದು ನೆನಪಾಗದ್ದನ್ನೆಲ್ಲ ತೆಗೆದುಹಾಕಿ. ಉಳಿದವುಗಳ ಡೀಟೇಲ್ಸ್‌ಗೆ ಹೋದರೆ ಸೈಟ್ ಆಕ್ಸೆಸ್ ಎಂಬ ಆಯ್ಕೆ ಸಿಗುತ್ತದೆ. 'ಎಲ್ಲಾ ಸೈಟ್‌ಗಳಲ್ಲಿ' ಎಂದಿರುವುದನ್ನು 'ಕ್ಲಿಕ್ ಮಾಡಿದಾಗ ಮಾತ್ರ' ಎಂದು ಬದಲಿಸಿ. ಆಮೇಲೆ ನೀವು ಕರೆದಾಗ ಮಾತ್ರ ಅದು ಆ ಪುಟ ನೋಡುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಇಷ್ಟು ಒಳಗೆ ಯಾಕೆ ಹೂತಿಟ್ಟಿದ್ದಾರೋ!

ಸೀಡ್ ಪದಗಳನ್ನು ಕಾಗದದಲ್ಲಿ ಬರೆದು ಎರಡು ಜಾಗದಲ್ಲಿಡಿ. ಫೋಟೊ ತೆಗೆಯಬೇಡಿ. ಫೋನಿನ ಗ್ಯಾಲರಿಯಲ್ಲಿರುವ ಚಿತ್ರಗಳಲ್ಲಿನ ಅಕ್ಷರ ಓದಿ ಸೀಡ್ ಹುಡುಕುವ 'ಸ್ಪಾರ್ಕ್‌ಕ್ಯಾಟ್' ಎಂಬ ಕಳ್ಳ ಸಾಫ್ಟ್‌ವೇರ್ 2025ರಲ್ಲಿ ಗೂಗಲ್ ಪ್ಲೇ ಮತ್ತು ಆ್ಯಪಲ್ ಸ್ಟೋರ್ ಎರಡರಲ್ಲೂ ಸಿಕ್ಕಿತ್ತು. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೂ ಬೇಡ. 2022ರಲ್ಲಿ ಲಾಸ್ಟ್‌ಪಾಸ್‌ನಿಂದ ಸೋರಿದ ಮಾಹಿತಿಯನ್ನು ಬಿಡಿಸಿ ವರ್ಷಗಳ ನಂತರವೂ ವಾಲೆಟ್ ಖಾಲಿ ಮಾಡಿದ್ದಾರೆ.

ಎಕ್ಸ್‌ಚೇಂಜ್ ಬಳಸುವವರು ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚಿದರೆ ಸಾಲದು, ಲಾಗ್ ಔಟ್ ಆಗಬೇಕು. ಆಗ ಕದ್ದ ಕುಕಿ ಸಾಮಾನ್ಯವಾಗಿ ಸತ್ತುಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಎಕ್ಸ್‌ಚೇಂಜ್‌ನ ಕೆಲಸವನ್ನು ಫೋನಿನ ಆ್ಯಪ್‌ನಲ್ಲೇ ಮಾಡುವುದು. ಬ್ರೌಸರ್ ಎಕ್ಸ್‌ಟೆನ್ಶನ್ ಅಲ್ಲಿಗೆ ಬರಲಾರದು.

ಕಳುವಾದ ಮೇಲೆ

ಮೊದಲ ಗಂಟೆಯಲ್ಲಿ ಬಹಳ ಜನ ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ಸೀಡ್ ಕಳುವಾಗಿದ್ದರೆ ಅದರಿಂದ ಏನೂ ಆಗದು. ಆ ಪಾಸ್‌ವರ್ಡ್ ನಿಮ್ಮ ಕಂಪ್ಯೂಟರ್‌ನಲ್ಲಿ ವಾಲೆಟ್ ತೆರೆಯಲು ಮಾತ್ರ, ಕಳ್ಳನಿಗೆ ಅದು ಬೇಕಾಗಿಲ್ಲ. ಬೇರೊಂದು ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಹೊಸ ಸೀಡ್‌ನ ಹೊಸ ವಾಲೆಟ್ ಮಾಡಿ, ಉಳಿದದ್ದನ್ನೆಲ್ಲ ತಕ್ಷಣ ಅಲ್ಲಿಗೆ ಸಾಗಿಸಿ. ಎಕ್ಸ್‌ಚೇಂಜ್ ಆದರೆ ಎಲ್ಲಾ ಸೆಷನ್‌ಗಳಿಂದ ಲಾಗ್ ಔಟ್ ಮಾಡಿ, ಖಾತೆ ತಡೆಹಿಡಿಯಲು ಹೇಳಿ. ಎಕ್ಸ್‌ಟೆನ್ಶನ್ ತೆಗೆದುಹಾಕುವ ಮುಂಚೆ ಅದರ ಹೆಸರು, ಐಡಿ, ಆವೃತ್ತಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅದು ಸಾಕ್ಷ್ಯ.

ಆಮೇಲೆ ಸಹಾಯವಾಣಿ 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ನಮ್ಮ ರಾಜ್ಯದಲ್ಲಿ ಇಂಥ ದೂರು ನೋಡಿಕೊಳ್ಳುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. 'ನನ್ನ ಬಿಟ್‌ಕಾಯಿನ್ ಹೋಯ್ತು ಸಾರ್' ಎಂದಷ್ಟೇ ಹೇಳಿದರೆ ಕೆಲಸ ಮುಂದಕ್ಕೆ ಹೋಗದು. ವ್ಯವಹಾರದ ಹ್ಯಾಶ್ (ಅದರ ಗುರುತಿನ ಸಂಕೇತ), ಹಣ ಹೋದ ವಿಳಾಸ, ಸಮಯ ಇವನ್ನು ಬರೆದು ಕೊಡಿ. ಬೇಗ ಹೋದರೆ ಆಸೆಯಿದೆ. ಕದ್ದದ್ದು ಯುಎಸ್‌ಡಿಟಿ (ಡಾಲರ್ ಬೆಲೆಗೆ ಸಮನಾಗಿರುವಂತೆ ಮಾಡಿದ ನಾಣ್ಯ) ಆಗಿದ್ದರೆ ಅದನ್ನು ಹೊರಡಿಸುವ ಟೆದರ್ ಕಂಪನಿ ಪೊಲೀಸರ ಕೋರಿಕೆ ಮೇಲೆ ವಿಳಾಸವನ್ನೇ ತಡೆಹಿಡಿಯಬಲ್ಲದು. ಹಣ ಯಾವುದಾದರೂ ಎಕ್ಸ್‌ಚೇಂಜ್‌ಗೆ ಬಂದಿದ್ದರೆ ಅಲ್ಲೂ ತಡೆಯಬಹುದು. ಇನ್ನು 'ಕಳೆದ ಕ್ರಿಪ್ಟೊ ವಾಪಸ್ ತರುತ್ತೇವೆ, ಮುಂಗಡ ಕೊಡಿ' ಎಂದು ಟೆಲಿಗ್ರಾಂನಲ್ಲಿ ಬರುವವರು ಎರಡನೇ ಕಳ್ಳರು. ನೊಂದವರನ್ನೇ ಹುಡುಕಿ ಬರುತ್ತಾರೆ.

ಬಳಕೆದಾರ ಇಷ್ಟೆಲ್ಲ ಮಾಡಬೇಕು, ಸರಿ. ಉಳಿದವರು? ಬ್ಯಾಂಕ್ ಖಾತೆಯಿಂದ ಹೊರಗಿನವರ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿತು. ಕ್ರಿಪ್ಟೊಗೆ ಅಂಥ ಯಾವ ಆಸರೆಯೂ ಇಲ್ಲ. ತೆರಿಗೆ ಮಾತ್ರ ಇದೆ: 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30, ಅದೇ ವರ್ಷದ ಜುಲೈಯಿಂದ ಶೇ 1 ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಕಳುವಾದವರಿಗೂ ಇದೇ ನಿಯಮ. ತೆರಿಗೆ ವಸೂಲಿಗೆ ಲೆಕ್ಕಕ್ಕೆ ಬರುವ ಆಸ್ತಿ, ರಕ್ಷಣೆಯ ಮಾತು ಬಂದಾಗ ಲೆಕ್ಕಕ್ಕೆ ಬರದಿರುವುದು ನ್ಯಾಯವಲ್ಲ. ಕಳುವಿನ ದೂರು ದಾಖಲಾಗಿ ಸಾಬೀತಾದ ನಷ್ಟವನ್ನಾದರೂ ಲಾಭದಿಂದ ಕಳೆಯಲು ಬಿಡಬೇಕು.

ಸ್ಟೋರ್ ನಡೆಸುವವರ ಹೊಣೆ ಇದಕ್ಕಿಂತ ದೊಡ್ಡದು. ಡೆವಲಪರ್ ತನ್ನ ಬಳಿ ಮಾತ್ರ ಇರುವ ಕೀಯಿಂದ ಸಹಿ ಮಾಡದ ಆವೃತ್ತಿಯನ್ನು ಸ್ಟೋರ್ ಒಳಗೇ ಬಿಡದ ವ್ಯವಸ್ಥೆ ಕ್ರೋಮ್‌ನಲ್ಲಿ ಈಗ ಇದೆ. ಸ್ಟೋರ್‌ನ ಕೀ ಒಂದೇ ಕದ್ದವನು ಅದರ ಮುಂದೆ ಸೋಲುತ್ತಾನೆ. ಆದರೆ ಅದು ಡೆವಲಪರ್‌ನ ಇಷ್ಟಕ್ಕೆ ಬಿಟ್ಟದ್ದು. ಜನರ ಹಣ ಹಿಡಿದುಕೊಳ್ಳುವ ಎಕ್ಸ್‌ಟೆನ್ಶನ್‌ಗಳಿಗೆ ಅದನ್ನು ಕಡ್ಡಾಯ ಮಾಡಲಿ. ಮಾಲೀಕರು ಬದಲಾದಾಗ ಎಕ್ಸ್‌ಟೆನ್ಶನ್ ತಾನಾಗಿ ನಿಂತು, ಬಳಕೆದಾರ ಮತ್ತೆ ಒಪ್ಪಿದರೆ ಮಾತ್ರ ಶುರುವಾಗಲಿ. ಹೆಸರು ಮತ್ತು ಚಿತ್ರ ಪೂರ್ತಿ ಬದಲಿಸಿದ ಎಕ್ಸ್‌ಟೆನ್ಶನ್‌ನ ಹಳೆಯ ರಿವ್ಯೂಗಳನ್ನು ಅಳಿಸಲಿ. ಇದಕ್ಕೆಲ್ಲ ಹೊಸ ತಂತ್ರಜ್ಞಾನ ಬೇಕಿಲ್ಲ, ಗೂಗಲ್ ಮತ್ತು ಮೊಝಿಲ್ಲಾ ಮನಸ್ಸು ಮಾಡಬೇಕು, ಅವರು ಮಾಡದಿದ್ದರೆ ಸರ್ಕಾರಗಳು ಮಾಡಿಸಬೇಕು.